ಕತ್ತಿನ ಡಿಸ್ಕ್ ಆಪರೇಷನ್‌ಗೆ ಸರಳ ರಿಟ್ರಾಕ್ಟರ್: ಕೆಲವು ವರ್ಷ ಬಳಸಿದ ಮೇಲೆ

ಕತ್ತಿನ ಮುಂಭಾಗದಿಂದ ಹೋಗಿ ಡಿಸ್ಕ್ ತೆಗೆಯುವ ದಾರಿ 1958ರಲ್ಲಿ ಸ್ಮಿತ್, ರಾಬಿನ್ಸನ್, ಕ್ಲೋವರ್ಡ್ ಎಂಬ ಶಸ್ತ್ರವೈದ್ಯರು ಬರೆದದ್ದೇ, ಹೆಚ್ಚುಕಡಿಮೆ ಇಂದಿಗೂ ಅದೇ. ಬದಲಾಗುತ್ತಿರುವುದು ಉಪಕರಣ, ಅದರಲ್ಲೂ ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರ್. ನಾನು ಕೈ ಪಳಗಿಸಿಕೊಂಡದ್ದು ಕ್ಯಾಸ್ಪರ್ ಎಂಬ ಹಳೆಯ ರಿಟ್ರಾಕ್ಟರ್ ಸೆಟ್‌ನಲ್ಲಿ. ಈ ಹೊಸ ರಿಟ್ರಾಕ್ಟರ್‌ನಲ್ಲಿ ಒಂದು ಚೌಕಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಗಲಿಸಿ ಹಿಡಿಯುವ ಒಂದು ರ‍್ಯಾಚೆಟ್, ಕೆಲವೇ ಬ್ಲೇಡ್ (ಕೊಯ್ಯುವ ಬ್ಲೇಡ್ ಅಲ್ಲ, ಅಂಗಾಂಶವನ್ನು ಬದಿಗೆ ಹಿಡಿಯುವ ಪಟ್ಟಿ).

ಬ್ಲೇಡ್ ಕೂರುವ ರೀತಿ ತುಂಬಾ ಇಷ್ಟವಾಯಿತು. ಸ್ಕ್ರೂ ಇಲ್ಲ, ಟಕ್ ಅಂತ ಕೂರುತ್ತದೆ. ಗ್ಲೌಸ್ ಒದ್ದೆಯಾಗಿದ್ದರೂ ಜಾರುವುದಿಲ್ಲ. ರ‍್ಯಾಚೆಟ್ ಪೂರ್ತಿ ಬಿಚ್ಚಿ ತೊಳೆಯಬಹುದು. ಸಂದಿಯಲ್ಲಿ ರಕ್ತ ಒಣಗಿ ಕೂತರೆ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿ ಏನು ಪ್ರಯೋಜನ, ಅಲ್ವಾ?

ಬ್ಲೇಡ್‌ಗಳು ಪೀಕ್ ಪ್ಲಾಸ್ಟಿಕ್‌ನವು, ಎಕ್ಸ್-ರೇಗೆ ಅಡ್ಡ ಬರುವುದಿಲ್ಲ. ಭುಜ ಅಡ್ಡ ಬರುವುದರಿಂದ ಕತ್ತಿನ ಕೆಳಗಿನ ಮೂಳೆಗಳು (ಸಿ6-ಸಿ7) ಎಕ್ಸ್-ರೇಯಲ್ಲಿ ಮೊದಲೇ ಮಸುಕು. ಉಕ್ಕಿನ ಬ್ಲೇಡ್ ಇದ್ದರೆ ಅದೂ ಮರೆ.

ನನ್ನ ತಕರಾರು ಬೇರೆ ಕಡೆ. ಸರಳ ಮಾಡುವ ಹುಮ್ಮಸ್ಸಿನಲ್ಲಿ ಎಲ್ಲ ಬ್ಲೇಡ್‌ಗಳ ತುದಿಯನ್ನೂ ಮೊಂಡು ಮಾಡಿದ್ದಾರೆ, ಉದ್ದವೂ ಎರಡೇ ಬಗೆ. ಪಕ್ಕದ ಬ್ಲೇಡ್‌ಗಳ ತುದಿ ಬೆನ್ನುಮೂಳೆಯ ಮುಂದಿರುವ ಲಾಂಗಸ್ ಕೊಲೈ ಸ್ನಾಯುವಿನ ಅಡಿಗೆ ಸೇರಿ ಅಲ್ಲೇ ನಿಲ್ಲಬೇಕು. ಹಲ್ಲಿದ್ದರೆ ಕಚ್ಚಿಕೊಂಡು ನಿಲ್ಲುತ್ತದೆ. ಇಲ್ಲದಿದ್ದರೆ ಮೆಲ್ಲಗೆ ಮೇಲೆ ಜಾರಿ ಒಂದು ಕಡೆ ಅನ್ನನಾಳ, ಇನ್ನೊಂದು ಕಡೆ ಕೆರೋಟಿಡ್ ರಕ್ತನಾಳದ ಮೇಲೆ ಒತ್ತಡ ಬೀಳುತ್ತದೆ. ಮೇಲೆ-ಕೆಳಗೆ ಹಿಡಿಯುವ ಬ್ಲೇಡ್ ಮೊಂಡಾಗಿರಲಿ, ಅದು ಸರಿ. ಪಕ್ಕದ್ದಕ್ಕೆ ಹಲ್ಲು ಬೇಕೇ ಬೇಕು. ಎರಡೂ ಬದಿಯ ಆಳ ಒಂದೇ ಇರುವುದೂ ಇಲ್ಲ, ಹಾಗಾಗಿ ಉದ್ದಗಳೂ ಜಾಸ್ತಿ ಇರಬೇಕು.

ಇನ್ನೊಂದು ಮಾತು. ಯಾವ ರಿಟ್ರಾಕ್ಟರ್ ಆದರೂ ಅಗಲಿಸಿದ ಮೇಲೆ ಅರಿವಳಿಕೆ ವೈದ್ಯರಿಗೆ ಹೇಳಿ ಉಸಿರಿನ ಟ್ಯೂಬ್‌ನ ಸುತ್ತಲಿನ ಗಾಳಿಚೀಲದ (ಕಫ್) ಗಾಳಿ ಬಿಡಿಸಿ, ಮತ್ತೆ ಹದವಾಗಿ ತುಂಬಿಸುತ್ತೇನೆ. ಧ್ವನಿಗೆ ಹೋಗುವ ನರ ಬ್ಲೇಡ್ ಮತ್ತು ಕಫ್ ನಡುವೆ ಸಿಕ್ಕಿ ನಲುಗಬಾರದು. ನಡುನಡುವೆ ಬ್ಲೇಡ್ ಸಡಿಲಿಸುವುದೂ ಉಂಟು. ಈ ರ‍್ಯಾಚೆಟ್ ಒಂದೊಂದೇ ಮೆಟ್ಟಿಲು ಇಳಿಯುವುದರಿಂದ ಅದು ಸಲೀಸು.

ಒಂದು ಡಿಸ್ಕ್‌ಗೆ ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳುತ್ತೇನೆ. ಎರಡು-ಮೂರು ಡಿಸ್ಕ್ ಇದ್ದರೆ, ದಪ್ಪ ಕತ್ತಿದ್ದರೆ, ಪೀಕ್ ಬ್ಲೇಡ್ ಬಾಗುತ್ತದೆ. ಆಗ ಕ್ಯಾಸ್ಪರ್ ಸೆಟ್ಟೇ ಗತಿ.