ಟರ್ಬೊ ಕಾರಿಗೆ ಸಿಡಿ009 ಗೇರ್‌ಬಾಕ್ಸ್: ಗಟ್ಟಿ ಹೌದು, ಸುತ್ತಲಿನ ಕೆಲಸ ಜಾಸ್ತಿ

ಮೊದಲೇ ಹೇಳಿಬಿಡುತ್ತೇನೆ, ನಿಸಾನ್ 350ಝಡ್ ಕಾರಿನ ಈ ಆರು ಸ್ಪೀಡ್ ಗೇರ್‌ಬಾಕ್ಸ್ ನನಗೆ ಇಷ್ಟವಾಗಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಒಂದು ಅಂಕ ಬಾಕ್ಸಿನದ್ದಲ್ಲ, ಅದನ್ನು ಕಾರಿಗೆ ಕೂರಿಸುವ ರಗಳೆಯದ್ದು.

ಕಾರು ನಿಸಾನ್ ಎಸ್13, ಎಂಜಿನ್ ಎಸ್‌ಆರ್20ಡಿಇಟಿ. ಮೂಲದಲ್ಲಿ ಇದು 205 ಪಿಎಸ್ ಶಕ್ತಿ, 274 ನ್ಯೂಟನ್ ಮೀಟರ್ ಟಾರ್ಕಿನ (ತಿರುಗಿಸುವ ಬಲದ) ಎಂಜಿನ್. ಈಗ ಟರ್ಬೊ ದೊಡ್ಡದು, ಇಂಜೆಕ್ಟರ್ ದೊಡ್ಡದು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇರೆ, ಟಾರ್ಕ್ ಹೆಚ್ಚುಕಡಿಮೆ ಎರಡರಷ್ಟಾಗಿದೆ. ಮೂಲ ಎಂಜಿನ್ನಿಗೆ ಅಂತ ಮಾಡಿದ ಐದು ಸ್ಪೀಡ್ ಬಾಕ್ಸಿನ ಮೇಲೆ ಇಷ್ಟು ಹೊರಿಸಿ ಆಮೇಲೆ ಅದನ್ನು ಬೈಯುವುದು ನ್ಯಾಯವಲ್ಲ. ಮೂರನೇ ಗೇರಿನ ಹಲ್ಲು ಹೋಯಿತು.

ಮೂರನೆಯದೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಒಂದು, ಎರಡರಲ್ಲಿ ಟೈರ್ ಜಾರಿಬಿಡುತ್ತದೆ, ಹೊರೆ ಅಲ್ಲೇ ಇಳಿದುಹೋಗುತ್ತದೆ. ನಾಲ್ಕನೆಯದು ಆ ಐದು ಸ್ಪೀಡ್ ಬಾಕ್ಸಿನಲ್ಲಿ ನೇರ ಗೇರ್, ಅನುಪಾತ 1.000, ಅಂದರೆ ಟಾರ್ಕ್ ಕೌಂಟರ್‌ಶಾಫ್ಟ್ (ಬಾಕ್ಸಿನೊಳಗಿನ ಪಕ್ಕದ ಶಾಫ್ಟ್) ಕಡೆ ಹೋಗದೆ ಸೀದಾ ಹಿಂದಕ್ಕೆ ಹೋಗುತ್ತದೆ. ಮೂರರಲ್ಲಿ ಮಾತ್ರ ಟೈರ್ ನೆಲ ಹಿಡಿದಿರುತ್ತದೆ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಪೂರ್ತಿ ಬಂದಿರುತ್ತದೆ, ಆ ಹೊರೆಯೆಲ್ಲ ಒಂದೇ ಜೋಡಿ ಹಲ್ಲುಗಳ ಮೇಲೆ ತುಂಬಾ ಹೊತ್ತು ಕೂತಿರುತ್ತದೆ. ಓರೆ ಹಲ್ಲಿನ ಗೇರ್‌ಗಳು ಹೊರೆ ಬಿದ್ದಾಗ ಎರಡು ಶಾಫ್ಟ್‌ಗಳನ್ನೂ ದೂರ ತಳ್ಳುತ್ತವೆ, ಅಲ್ಯೂಮಿನಿಯಂ ಕೇಸ್ ಸ್ವಲ್ಪ ಬಾಗುತ್ತದೆ, ಹಲ್ಲು ಪೂರ್ತಿ ಅಗಲಕ್ಕೆ ಕೂರುವ ಬದಲು ಅಂಚಿನಲ್ಲಿ ಮಾತ್ರ ತಾಗುತ್ತದೆ. ಅಲ್ಲಿಂದ ಮುರಿಯುವುದಕ್ಕೆ ಜಾಸ್ತಿ ಹೊತ್ತು ಬೇಡ. ಅದಕ್ಕೇ ಯಾರಾದರೂ ‘ಎಷ್ಟು ಹಾರ್ಸ್‌ಪವರ್ ತಡೆಯುತ್ತೆ’ ಅಂತ ಕೇಳಿದರೆ ನಾನು ಟಾರ್ಕ್ ಎಷ್ಟು, ಯಾವ ಆರ್‌ಪಿಎಂನಲ್ಲಿ ಬರುತ್ತೆ ಅಂತ ತಿರುಗಿ ಕೇಳುತ್ತೇನೆ.

ಹಳೆ ಬಾಕ್ಸನ್ನು ಮೊದಲು ರಿಪೇರಿಯನ್ನೇ ಮಾಡಿಸಿದೆ. ಬಿಚ್ಚಿದಾಗ ಹಲ್ಲಿನ ಜೊತೆ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳೂ (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಬಳೆಗಳು) ಸವೆದಿದ್ದವು, ಎಂಜಿನ್ ಕಡೆಯಿಂದ ಬರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಕೂಡ ಮುಗಿದಿತ್ತು. (ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗುಂಯ್ ಅನ್ನುವುದು, ತುಳಿದರೆ ನಿಲ್ಲುವುದು, ಹೀಗಿದ್ದರೆ ಮೊದಲ ಅನುಮಾನ ಆ ಬೇರಿಂಗ್ ಮೇಲೆ.) ಬಿಚ್ಚಿದವರು ಕೆಲಸ ಬಲ್ಲವರು. ಬೇರಿಂಗ್, ರಿಂಗ್, ಮೂರನೇ ಗೇರ್ ಜೋಡಿ, ಸೀಲ್ ಎಲ್ಲ ಹೊಸದು ಹಾಕಿ, ಶಿಮ್ (ಸಂದು ಸರಿಮಾಡುವ ತೆಳು ತಗಡು) ಅಳೆದು ಕೂರಿಸಿಕೊಟ್ಟರು. ಬೆಣ್ಣೆಯ ಹಾಗೆ ಗೇರ್ ಬೀಳುತ್ತಿತ್ತು. ಆದರೆ ರಿಪೇರಿ ಮಾಡಿದ ಬಾಕ್ಸ್ ಮೂಲ ಬಾಕ್ಸಿನಷ್ಟೇ ಗಟ್ಟಿ, ಅದಕ್ಕಿಂತ ಜಾಸ್ತಿ ಅಲ್ಲ. ಬೂಸ್ಟ್ ಇಳಿಸಿ ಓಡಿಸುವವರಿಗೆ ಅಷ್ಟು ಸಾಕು. ನನಗೆ ಸಾಲಲಿಲ್ಲ.

ಮುಂದಿನ ದಾರಿಗಳು ಮೂರು. ಅದೇ ಕೇಸಿಗೆ ನೇರ ಹಲ್ಲಿನ ಡಾಗ್ ಗೇರ್ (ಸಿಂಕ್ರೊ ಇಲ್ಲದೆ ಸೀದಾ ಕಚ್ಚಿಕೊಳ್ಳುವ ಗೇರ್) ಹಾಕಿಸುವುದು: ಟ್ರ್ಯಾಕಿಗೆ ಸರಿ, ರಸ್ತೆಯಲ್ಲಿ ಆ ಕೂಗು ಕೇಳುತ್ತಾ ದಿನಾ ಓಡಿಸಲು ಆಗುವುದಿಲ್ಲ, ಪದೇ ಪದೇ ಬಿಚ್ಚಿ ನೋಡಬೇಕು ಬೇರೆ. ಟ್ರೆಮೆಕ್ ಟಿ56 ಮ್ಯಾಗ್ನಂ: 700 ಪೌಂಡ್-ಫುಟ್ ತಡೆಯುತ್ತೆ ಅಂತ ಕಂಪನಿಯೇ ಹೇಳುತ್ತದೆ, ಸುಮಾರು 950 ನ್ಯೂಟನ್ ಮೀಟರ್, ನನ್ನ ಎರಡು ಲೀಟರ್ ಎಂಜಿನ್ನಿಗೆ ಅದು ಅತಿಯಾಯಿತು. ಮೂರನೆಯದು ಸಿಡಿ009, ನಿಸಾನ್ 350ಝಡ್ ಕಾರಿನ ಆರು ಸ್ಪೀಡ್ ಬಾಕ್ಸ್. ಇದರ ಹಿಂದಿನ ಆವೃತ್ತಿಗಳಲ್ಲಿ ಸಿಂಕ್ರೊ ದೂರುಗಳಿದ್ದವು, ಸುಧಾರಿಸಿದ್ದು ಸಿಡಿ009. ಕೊಳ್ಳುವಾಗ ಆ ನಂಬರ್ ನೋಡಿಯೇ ಕೊಳ್ಳಿ.

ಈಗ ರಗಳೆಗೆ ಬರೋಣ. ಇದರ ಬೆಲ್‌ಹೌಸಿಂಗ್ (ಕ್ಲಚ್ ಮುಚ್ಚಿ ಎಂಜಿನ್ನಿಗೆ ಕೂರುವ ಮುಂಭಾಗ) ಕೇಸಿನ ಜೊತೆಗೇ ಎರಕ ಹೊಯ್ದದ್ದು, ಬಿಚ್ಚಿ ಬೇರೆಯದು ಹಾಕಲು ಬರುವುದಿಲ್ಲ. ಅದನ್ನು ಕತ್ತರಿಸಿ ಅಡಾಪ್ಟರ್ ಪ್ಲೇಟ್ ಹಾಕಬೇಕು. ನನಗೆ ಬಂದ ಅಡಾಪ್ಟರ್ ಕಿಟ್ ಫೋಟೊದಲ್ಲಿ ತುಂಬಾ ಚೆಂದ, ಕೂರಿಸಿ ಡಯಲ್ ಗೇಜ್ (ಸಣ್ಣ ವ್ಯತ್ಯಾಸ ಅಳೆಯುವ ಮೀಟರ್) ಇಟ್ಟರೆ ಕೇಂದ್ರವೇ ಸರಿ ಇಲ್ಲ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಮತ್ತು ಇನ್‌ಪುಟ್ ಶಾಫ್ಟ್ ನಡುವಿನ ಈ ವ್ಯತ್ಯಾಸ 0.13 ಮಿಲಿಮೀಟರ್ ಒಳಗೆ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹಾಗೇ ಬಿಟ್ಟಿದ್ದರೆ ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿ ಹಿಡಿಯುವುದು) ಹೋಗಿ, ಕ್ಲಚ್ ಎಳೆದಾಡಿ, ಕೊನೆಗೆ ಎಲ್ಲರೂ ಬಾಕ್ಸನ್ನೇ ದೂರುತ್ತಿದ್ದರು. ಆಫ್‌ಸೆಟ್ ಡೋವೆಲ್ ಪಿನ್ (ಕೇಂದ್ರವನ್ನು ಸ್ವಲ್ಪ ಸರಿಸುವ ಗೂಟ) ಹಾಕಿ ಸರಿಮಾಡಿಸಬೇಕಾಯಿತು. ಕಿಟ್ ಕೊಳ್ಳುವವರು ಅಳತೆ ಮಾಡದೆ ಬೋಲ್ಟ್ ಬಿಗಿಯಬೇಡಿ, ದಯವಿಟ್ಟು.

ಡ್ರೈವ್‌ಶಾಫ್ಟ್ ಹೊಸದು. ಬಾಕ್ಸನ್ನು ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್, ಹೊಸದು. ಗೇರ್ ಲಿವರ್ ಹಿಂದೆ ಹೋಗುತ್ತದೆ, ಅದನ್ನು ಮುಂದೆ ತರುವ ಕಿಟ್ ಬೇರೆ. ಇವೆಲ್ಲ ಮೊದಲೇ ಗೊತ್ತಿದ್ದದ್ದೇ.

ಆದರೆ ಅನುಪಾತದ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಹಳೆ ಬಾಕ್ಸಿನ ಒಂದನೇ ಗೇರ್ 3.321, ಇದರದ್ದು 3.794. ಹಳೆ 4.111 ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್) ಹಾಗೇ ಇಟ್ಟರೆ ಒಟ್ಟು ಅನುಪಾತ 13.65ರಿಂದ 15.60ಕ್ಕೆ ಏರುತ್ತದೆ. ಅಂದರೆ ಒಂದನೇ ಗೇರ್ ಹಾಕಿ ಕ್ಲಚ್ ಬಿಡುವಷ್ಟರಲ್ಲಿ ಎರಡಕ್ಕೆ ಹೋಗಬೇಕು, ಬೂಸ್ಟ್ ಬರುವುದಕ್ಕೆ ಸಮಯವೇ ಇಲ್ಲ. 350ಝಡ್‌ನಲ್ಲಿ ಇರುವ 3.538 ಹಾಕಿದರೆ 13.42, ಹಳೆಯದಕ್ಕೆ ಹತ್ತಿರ ಬಂತು. ಜೊತೆಗೆ ಆರನೇ ಗೇರಿನಲ್ಲಿ, ಹಳೆ ಬಾಕ್ಸಿನ ಐದಕ್ಕೆ ಹೋಲಿಸಿದರೆ, ಎಂಜಿನ್ ಸುಮಾರು ಶೇ 10ರಷ್ಟು ನಿಧಾನ ತಿರುಗುತ್ತದೆ. ಡಿಫರೆನ್ಷಿಯಲ್ ಬದಲಿಸದೆ ಈ ಬಾಕ್ಸ್ ಹಾಕಿದವರು ‘ಚೆನ್ನಾಗಿಲ್ಲ’ ಅಂದರೆ ನಾನು ನಂಬುವುದಿಲ್ಲ.

ಓಡಿಸಲು ಹೇಗಿದೆ? ತಣ್ಣಗಿದ್ದಾಗ ಒಂದರಿಂದ ಎರಡಕ್ಕೆ ಹಾಕುವಾಗ ಸ್ವಲ್ಪ ತಡೆಯುತ್ತದೆ, ಬಿಸಿಯಾದ ಮೇಲೆ ಸರಿ. ಹಳೆ ಬಾಕ್ಸಿನ ನಯ ಇದಕ್ಕಿಲ್ಲ, ಲಿವರ್ ಕೈಗೆ ದಪ್ಪ ಅನ್ನಿಸುತ್ತದೆ. ಮೂರರಲ್ಲಿ ಪೂರ್ತಿ ಬೂಸ್ಟ್ ಕೊಟ್ಟರೂ ಸದ್ದಿಲ್ಲ, ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು. ಎಣ್ಣೆ ಜಿಎಲ್-4 ದರ್ಜೆಯದ್ದು, ಮಂದತೆ 75ಡಬ್ಲ್ಯು-85, ಸುಮಾರು 2.9 ಲೀಟರ್. ‘ಜಿಎಲ್-5 ಇನ್ನೂ ಒಳ್ಳೆಯದು’ ಅನ್ನುವವರ ಮಾತು ಕೇಳಬೇಡಿ. ಅದರಲ್ಲಿ ಗಂಧಕ-ರಂಜಕದ ಸೇರ್ಪಡೆ ಜಾಸ್ತಿ, ಸಿಂಕ್ರೊಗೆ ಬೇಕಾದ ಉಜ್ಜುವಿಕೆ ಸಿಗುವುದಿಲ್ಲ, ಹಿತ್ತಾಳೆಗೂ ಒಳ್ಳೆಯದಲ್ಲ.

ಕ್ಲಚ್ ಪ್ಲೇಟ್ ಸ್ಪ್ರಿಂಗ್ ಇರುವುದನ್ನೇ ಹಾಕಿಸಿದ್ದೇನೆ. ಸ್ಪ್ರಿಂಗ್ ಇಲ್ಲದ ಪಕ್ ಕ್ಲಚ್ (ಉಜ್ಜುವ ಭಾಗ ಬಿಡಿ ತುಂಡುಗಳಾಗಿರುವುದು) ಪ್ರತಿ ಹೊಡೆತವನ್ನೂ ಸೀದಾ ಹಲ್ಲಿಗೆ ಕೊಡುತ್ತದೆ. ಇಸಿಯುನಲ್ಲಿ ಗೇರಿಗೆ ತಕ್ಕಂತೆ ಬೂಸ್ಟ್ ಕೂಡ ಹೊಂದಿಸಿದ್ದೇನೆ. ಕೆಳಗಿನ ಗೇರ್‌ಗಳಲ್ಲಿ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಇದಕ್ಕೆ ಹೊಸ ಭಾಗ ಏನೂ ಬೇಕಿಲ್ಲ, ಹಳೆ ಬಾಕ್ಸ್ ಇರುವವರು ಮೊದಲು ಇದನ್ನೇ ಮಾಡಿಸಿ ನೋಡಿ.

ಬಳಸಿದ ಸಿಡಿ009 ಕೊಳ್ಳುತ್ತಿದ್ದರೆ ಇನ್‌ಪುಟ್ ಶಾಫ್ಟ್ ಅಲ್ಲಾಡಿಸಿ ನೋಡಿ, ಎಣ್ಣೆ ಇಳಿಸಿ ಮ್ಯಾಗ್ನೆಟ್ ನೋಡಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಸಹಜ. ಎಣ್ಣೆಯಲ್ಲಿ ಹಿತ್ತಾಳೆ ಚೂರು ಮಿನುಗಿದರೆ ಸಿಂಕ್ರೊ ಸವೆದಿದೆ, ಉಕ್ಕಿನ ತುಂಡು ಸಿಕ್ಕರೆ ಬೇಡವೇ ಬೇಡ. ಇದನ್ನೆಲ್ಲ ಬೆಲ್‌ಹೌಸಿಂಗ್ ಕತ್ತರಿಸುವ ಮುಂಚೆ ಮಾಡಿ. ಕತ್ತರಿಸಿದ ಬಾಕ್ಸನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ.