ಕರೆಂಟ್ ಹೋದರೂ ಬರೆದದ್ದು ಉಳಿಸುವ ವಿಮ್

ವಿಮ್ ಅಂದರೆ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪಿಸುವ ಕಿಟಕಿಯಲ್ಲಿ, ಓಡುವ ಟೆಕ್ಸ್ಟ್ ಎಡಿಟರ್. ಕಲಿಯುವುದು ಕಷ್ಟ, ನಿಜ. ಆದರೆ ದಾವಣಗೆರೆಯ ಬೇಸಿಗೆ ಕರೆಂಟಿಗೆ ಇದಕ್ಕಿಂತ ಒಳ್ಳೆಯ ಎಡಿಟರ್ ನನಗೆ ಸಿಕ್ಕಿಲ್ಲ. ನಮ್ಮ ಮಂಡಕ್ಕಿ ಭಟ್ಟಿಯ ಲೆಕ್ಕದ ಸ್ಕ್ರಿಪ್ಟ್ ತಿದ್ದುವಾಗ ಉಬುಂಟು ಪಿಸಿ ಟಕ್ ಅಂತ ಆಫ್ ಆಯಿತು. ಮತ್ತೆ ಫೈಲ್ ತೆರೆದರೆ ಇ325 (E325) ಅಂತ ಉದ್ದನೆಯ ಎಚ್ಚರಿಕೆ. ಹೆದರಬೇಡಿ. ಆರ್ (R) ಕೀ ಒತ್ತಿದರೆ ಸ್ವಾಪ್ ಫೈಲಿನಿಂದ, ಅಂದರೆ ವಿಮ್ ಪಕ್ಕದಲ್ಲಿ ಇಟ್ಟುಕೊಳ್ಳುವ ತಾತ್ಕಾಲಿಕ ಫೈಲಿನಿಂದ, ಬರೆದದ್ದು ವಾಪಸ್ ಬರುತ್ತದೆ. 200 ಅಕ್ಷರ ಟೈಪಾದಾಗ, ಇಲ್ಲವೇ 4 ಸೆಕೆಂಡ್ ಕೈ ನಿಂತಾಗ ವಿಮ್ ತಾನೇ ಅದರಲ್ಲಿ ಬರೆದಿಟ್ಟುಕೊಂಡಿರುತ್ತದೆ. ಸೇವ್ ಮಾಡಿದ ಮೇಲೆ ಆ ಸ್ವಾಪ್ ಫೈಲ್ ಅಳಿಸಿ. ಇಲ್ಲದಿದ್ದರೆ ಪ್ರತಿ ಸಲ ಅದೇ ಕಿರಿಕಿರಿ.

ಕಂಟ್ರೋಲ್-ಎಸ್ ಒತ್ತಿ ಸ್ಕ್ರೀನ್ ಹ್ಯಾಂಗ್ ಆಯಿತಾ? ಟರ್ಮಿನಲ್ ತಡೆದಿದೆ ಅಷ್ಟೇ, ಕಂಟ್ರೋಲ್-ಕ್ಯೂ ಒತ್ತಿ.

ಕನ್ನಡ ಬರೆಯಲು ಮಾತ್ರ ವಿಮ್ ಬೇಡ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತವೆ. ಗಿರಾಕಿಗಳ ಹೆಸರು ಬರೆಯಲು ನಾನು ಜಿಎಡಿಟ್ (gedit) ಅನ್ನುವ ಇನ್ನೊಂದು ಎಡಿಟರ್ ಇಟ್ಟುಕೊಂಡಿದ್ದೇನೆ.