ಸೀರೆಯ ಮೇಲೆ ಕರಿ ಗೌನು: ಬ್ರಿಟನ್ನಿನ ಘಟಿಕೋತ್ಸವದ ಬಾಡಿಗೆ ಉಡುಪು ಹೇಗಿದೆ?

ಬ್ರಿಟನ್ನಿನಲ್ಲಿ ಘಟಿಕೋತ್ಸವದ ಗೌನನ್ನು ಸಾಮಾನ್ಯವಾಗಿ ವಿದ್ಯಾರ್ಥಿಯೇ ಬಾಡಿಗೆಗೆ ತರಬೇಕು. ಈ ವ್ಯವಹಾರ ಕೆಲವೇ ಕಂಪನಿಗಳ ಕೈಯಲ್ಲಿದೆ. ಅವುಗಳಲ್ಲಿ ಲಂಡನ್ನಿನ ಏಡ್ ಅಂಡ್ ರೇವನ್ಸ್‌ಕ್ರಾಫ್ಟ್ 1689ರಷ್ಟು ಹಳೆಯದು. ಯಾವ ವಿಶ್ವವಿದ್ಯಾಲಯಕ್ಕೆ ಯಾರು ಎಂಬುದು ಮೊದಲೇ ಗೊತ್ತಾಗಿರುತ್ತದೆ, ಹಾಗಾಗಿ ಚೌಕಾಶಿಯ ಮಾತಿಲ್ಲ. ಗೌನು, ಬೆನ್ನ ಮೇಲೆ ಇಳಿಬೀಳುವ ಹುಡ್, ಚೌಕ ಟೋಪಿ ಮೂರೂ ಸೇರಿ ಒಂದು ದಿನಕ್ಕೆ 50 ಪೌಂಡಿನ ಆಸುಪಾಸು. ಪಾಲಿಯೆಸ್ಟರ್ ಬಟ್ಟೆಗೆ ಇದು ದುಬಾರಿಯೇ. ಆದರೂ ಬಾಡಿಗೆಯೇ ವಾಸಿ. ಕೊಂಡರೆ ಅದರ ಹಲವು ಪಟ್ಟು, ಮರುದಿನದಿಂದ ಬೀರುವಿನಲ್ಲಿ ನೇತಾಡುವುದಷ್ಟೇ ಅದರ ಕೆಲಸ. ಪಾಠ ಹೇಳುವ ವೃತ್ತಿ ಹಿಡಿದು ವರ್ಷವರ್ಷವೂ ವೇದಿಕೆಯ ಮೇಲೆ ಕೂರುವವರ ಮಾತು ಬೇರೆ.

ಎಡವಟ್ಟು ಶುರುವಾಗುವುದು ಆರ್ಡರಿನಲ್ಲೇ. ಘಟಿಕೋತ್ಸವಕ್ಕೆ ಹೆಸರು ನೋಂದಾಯಿಸುವುದು ಬೇರೆ, ಗೌನು ಕಾಯ್ದಿರಿಸುವುದು ಬೇರೆ. ಒಂದನ್ನು ಮುಗಿಸಿ ಎರಡೂ ಆಯಿತೆಂದು ಸುಮ್ಮನಿರುವವರು ಬಹಳ. ಗೌನಿನ ಗಡುವು ಕೆಲವು ವಾರ ಮೊದಲೇ ಮುಗಿಯುತ್ತದೆ, ಆಮೇಲೆ ತಡವಾದ ದಂಡ ಬೀಳುತ್ತದೆ. ಊರಿನಿಂದ ಅಪ್ಪ ಅಮ್ಮ ಬರುವುದಿದ್ದರೆ, ವೀಸಾ ಕೈಗೆ ಬರುವ ಮೊದಲೇ ದುಡ್ಡು ಕಟ್ಟಬೇಕಾದೀತು. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಎಂಬುದನ್ನು ಓದಿಕೊಂಡು ಕಟ್ಟಿ.

ಅಳತೆ ಕೇಳುವುದು ಎರಡು ಮೂರೇ. ಎತ್ತರವನ್ನು ಆ ದಿನ ಹಾಕುವ ಚಪ್ಪಲಿಯ ಮೇಲೆ ನಿಂತೇ ಅಳೆಯಿರಿ. ಗೌನಿನ ಅಂಚು ಮೀನಖಂಡದ ನಡುವಿಗೆ ಬಂದರೆ ಚೆನ್ನ, ಪಾದಕ್ಕೆ ಇಳಿದರೆ ವೇದಿಕೆಯ ಮೆಟ್ಟಿಲಲ್ಲಿ ತೊಡಕು. ತಲೆಯ ಸುತ್ತಳತೆಗೆ ಟೇಪು ಹುಬ್ಬಿನಿಂದ ಒಂದು ಅಂಗುಲ ಮೇಲೆ, ಕಿವಿಯ ಮೇಲ್ಗಡೆಯಿಂದ ಹೋಗಬೇಕು. ಎತ್ತರದ ತುರುಬಿನ ಮೇಲೆ ಈ ಟೋಪಿ ಕೂರುವುದಿಲ್ಲ. ಜಡೆ ಸರಿ, ಇಲ್ಲವೇ ತುರುಬನ್ನು ಕತ್ತಿನ ಹತ್ತಿರ ಇಳಿಸಿ ಕಟ್ಟಬೇಕು. ಹುಡ್ ಹಾಕಿದೊಡನೆ ಜಡೆಯನ್ನು ಹೊರಗೆಳೆದುಕೊಳ್ಳಿ, ಇಲ್ಲದಿದ್ದರೆ ತಲೆ ಬಗ್ಗಿಸಿದಾಗಲೆಲ್ಲ ಹುಡ್ಡೂ ಜೊತೆಗೆ ಮೇಲೇಳುತ್ತದೆ.

ಮಾಸ್ಟರ್ಸ್ ಗೌನಿನ ತೋಳು ಅನೇಕ ಕಡೆ ವಿಚಿತ್ರ: ಉದ್ದಕ್ಕೆ ಇಳಿಬಿದ್ದು ತುದಿಯಲ್ಲಿ ಹೊಲಿದಿರುತ್ತದೆ, ಕೈ ಹೊರಬರಬೇಕಾದದ್ದು ಮೊಣಕೈ ಬಳಿಯ ಸೀಳಿನಿಂದ. ಕೆಳಗಿನ ಚೀಲದಂಥ ಭಾಗದಲ್ಲಿ ಫೋನು ಇಳಿಬಿಟ್ಟರೆ ಆ ಕಡೆಯ ಭುಜ ಜಾರುತ್ತದೆ.

ಈ ಉಡುಪಿನ ನಿಜವಾದ ದೋಷ ಹುಡ್. ಅದರ ಮುಂಭಾಗದ ಪುಟ್ಟ ದಾರದ ಕುಣಿಕೆಯನ್ನು ಅಂಗಿಯ ಗುಂಡಿಗೆ ಸಿಕ್ಕಿಸಬೇಕು. ಅಂದರೆ ಕಾಲರಿನ ಅಂಗಿ ತೊಟ್ಟವರನ್ನು ಲೆಕ್ಕದಲ್ಲಿಟ್ಟು ಮಾಡಿದ್ದು. ಸೀರೆಯ ರವಿಕೆಗೆ ಅಲ್ಲಿ ಗುಂಡಿ ಎಲ್ಲಿದೆ? ಸಿಕ್ಕಿಸದೆ ಬಿಟ್ಟರೆ ಭಾರವೆಲ್ಲ ಬೆನ್ನಿಗಿರುವ ಹುಡ್ ಹಿಂದಕ್ಕೆ ಜಗ್ಗಿ ಗಂಟಲು ಒತ್ತುತ್ತದೆ. ಉಪಾಯ ಹೀಗೆ: ಸೆರಗನ್ನು ಸಣ್ಣ ನೆರಿಗೆ ಮಾಡಿ ಎಡಭುಜದಲ್ಲಿ ರವಿಕೆಗೆ ಪಿನ್ ಮಾಡಿ, ಮೇಲೆ ಗೌನು ಹಾಕಿ. ಹುಡ್ಡಿನ ಪಟ್ಟಿಯನ್ನು ಎರಡೂ ಭುಜದ ಹತ್ತಿರ ಗೌನಿಗೆ ಒಂದೊಂದು ಪಿನ್ನಿನಿಂದ ಬಿಗಿಯಿರಿ. ಮುಂದಿನ ಕುಣಿಕೆಗೆ ಇನ್ನೊಂದು ಪಿನ್ ಪೋಣಿಸಿ ರವಿಕೆಯ ಅಂಚಿಗೆ ಒಳಗಿನಿಂದ ಹಾಕಿ. ಮೈಸೂರು ರೇಷ್ಮೆಯಾದರೆ ಸೀರೆಗೆ ನೇರ ಚುಚ್ಚಬೇಡಿ. ನುಣುಪಾದ ಕ್ರೇಪ್ ಜಾರುತ್ತದೆ, ಜಗ್ಗಿದರೆ ತೂತು ದೊಡ್ಡದಾಗುತ್ತದೆ; ಪಿನ್ನಿನಡಿ ಒಂದು ತುಂಡು ಬಟ್ಟೆ ಇಟ್ಟುಕೊಳ್ಳಿ. ಒಟ್ಟು ಆರು ಸೇಫ್ಟಿ ಪಿನ್ ಮನೆಯಿಂದಲೇ ಒಯ್ಯಿರಿ. ಬಣ್ಣದ ಲೈನಿಂಗ್ ಬೆನ್ನಿನಲ್ಲಿ ಹೊರಗೆ ಮಡಚಿ ಕಾಣಬೇಕು. ವಿಶ್ವವಿದ್ಯಾಲಯದ, ಪದವಿಯ ಗುರುತು ಅದೇ. ತಿರುಗಿಬಿದ್ದರೆ ಫೋಟೊದಲ್ಲಿ ಬರೀ ಕಪ್ಪು.

ಇದಕ್ಕೇ ಅಂಚೆಯಲ್ಲಿ ತರಿಸಿಕೊಳ್ಳುವುದಕ್ಕಿಂತ ಸ್ಥಳದಲ್ಲೇ ಪಡೆಯುವುದು ಮೇಲು. ಅಲ್ಲಿ ಉಡಿಸಿ ಸರಿಮಾಡುವ ಸಿಬ್ಬಂದಿ ಇರುತ್ತಾರೆ, ಟೋಪಿ ಬಿಗಿಯಾದರೆ ಕೂಡಲೇ ಬದಲಿಸಬಹುದು. ಸಮಾರಂಭಕ್ಕೆ ಎರಡು ಗಂಟೆ ಮೊದಲೇ ಹೋಗಿ.

ಫೋಟೊ ಸೇವೆಗೆ ನನ್ನ ಅಂಕ ಕಡಿಮೆ. ಬಣ್ಣದ ಪರದೆ, ಕೈಗೊಂದು ಸುರುಳಿ ಸುತ್ತಿದ ನಕಲಿ ಕಾಗದ, ಎಲ್ಲರಿಗೂ ಒಂದೇ ಭಂಗಿ. ಅಜ್ಜಿಯ ಮನೆಯ ಗೋಡೆಗೆ ಒಂದು ಪ್ರಿಂಟ್ ಸಾಕು, ಉಳಿದದ್ದಕ್ಕೆ ಸ್ನೇಹಿತರ ಫೋನಿದೆ. ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಸರಿಸುವುದು ಅಮೆರಿಕದ ರೂಢಿ, ಇಲ್ಲಿ ಅದರ ಗೊಡವೆ ಬೇಡ. ಎಸೆಯುವ ಮೊದಲೂ ಯೋಚಿಸಿ: ಮೂಲೆಗಳು ಗಟ್ಟಿ. 2016ರಲ್ಲಿ ಯೂನಿವರ್ಸಿಟಿ ಆಫ್ ಈಸ್ಟ್ ಆಂಗ್ಲಿಯಾದಲ್ಲಿ ಎಸೆದಂತೆ ನಟಿಸಿ, ಟೋಪಿಯನ್ನು ಆಮೇಲೆ ಫೋಟೊದಲ್ಲಿ ಸೇರಿಸುತ್ತೇವೆ ಎಂದದ್ದು ಸುದ್ದಿಯಾಗಿತ್ತು.

ವಾಪಸ್ ಕೊಡುವ ಸಮಯವನ್ನು ಚೀಟಿಯಲ್ಲಿ ನೋಡಿಕೊಳ್ಳಿ. ಊಟಕ್ಕೆ ಕೂತು ಕೌಂಟರ್ ಮುಚ್ಚಿದರೆ ಮತ್ತೆ ದಂಡ. ಕೊಡುವ ಮುಂಚೆ ಹುಡ್ಡಿನಿಂದ ನಿಮ್ಮ ಪಿನ್ನುಗಳನ್ನು ಎಣಿಸಿ ತೆಗೆಯಿರಿ, ಮುಂದಿನವರ ಕತ್ತಿಗೆ ಚುಚ್ಚೀತು.